ಒಂದೇ ಬಿಯರ್, ಎರಡು ಬಕೆಟ್: ಸ್ಟೀಲ್ ಲೋಟದಲ್ಲಿ ಕುಡಿದು ನೋಡಿದ ಹೋಲಿಕೆ

ಮನೆಯಲ್ಲಿ ಬಿಯರ್ ಮಾಡಲು ಶುರು ಮಾಡಿದ ಮೊದಲ ವರ್ಷ ಒಂಬತ್ತು ಸಲ ಮಾಡಿದೆ. ಒಂಬತ್ತಕ್ಕೂ ಒಂಬತ್ತು ರುಚಿ. ಎರಡು ಚೆನ್ನಾಗಿದ್ದವು, ಒಂದು ಸಿಂಕಿಗೆ ಹೋಯಿತು, ಉಳಿದವು ಪರವಾಗಿಲ್ಲ ಅನ್ನುವ ಹಾಗಿದ್ದವು. ಚೆನ್ನಾಗಿದ್ದದ್ದು ಯಾಕೆ ಚೆನ್ನಾಗಿತ್ತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರತಿ ಸಲವೂ ಯೀಸ್ಟ್ ಬದಲಿಸುತ್ತಿದ್ದೆ, ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಹೂ ಬದಲಿಸುತ್ತಿದ್ದೆ, ಬಕೆಟ್ ಇಡುವ ಜಾಗವನ್ನೂ ಬದಲಿಸುತ್ತಿದ್ದೆ. ಒಂದೇ ದಿನ ಸಾರಿನ ಪುಡಿ, ಹುಣಸೆಹಣ್ಣು, ಬೇಳೆ ಮೂರನ್ನೂ ಬದಲಿಸಿದರೆ ಸಾರು ಯಾವುದರಿಂದ ಕೆಟ್ಟಿತು ಅಂತ ಹೇಗೆ ಹೇಳೋದು, ಅಲ್ವಾ?

ಎರಡನೇ ವರ್ಷ ಹಟ ಹಿಡಿದು ಪೇಲ್ ಏಲ್ ಅನ್ನುವ ತಿಳಿ ಬಣ್ಣದ ಬಿಯರ್ ಒಂದನ್ನೇ ಮಾಡಿದೆ. ಅದೇ ಮಾಲ್ಟ್, ಅದೇ ಕ್ಯಾಸ್ಕೇಡ್ ಹಾಪ್ಸ್. ಪ್ರತಿ ಸಲ ಬದಲಿಸಿದ್ದು ಒಂದನ್ನೇ. ಸಾಧ್ಯವಾದ ಕಡೆಯಲ್ಲೆಲ್ಲ ಒಂದೇ ಪಾತ್ರೆಯಲ್ಲಿ ಕುದಿಸಿದ್ದನ್ನು ಎರಡು ಬಕೆಟ್ಟಿಗೆ ಹಂಚಿದೆ. ಆ ಹೋಲಿಕೆಗಳ ಲೆಕ್ಕ ಇಲ್ಲಿದೆ.

ನಾನಿರುವುದು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ. ಹಾಪ್ಸ್ ಬೆಳೆಯುವ ವಿಲಾಮೆಟ್ ಕಣಿವೆ ಇಲ್ಲೇ ಪಕ್ಕದಲ್ಲಿದೆ. ಕ್ಯಾಸ್ಕೇಡ್ ತಳಿ ಹೊರಬಂದದ್ದೂ ಇದೇ ರಾಜ್ಯದಿಂದ, 1972ರಲ್ಲಿ. ಅದರ ಘಮ ಥೇಟ್ ನಮ್ಮ ದೇವನಹಳ್ಳಿ ಚಕ್ಕೋತದ ಸಿಪ್ಪೆ ಸುಲಿದಾಗಿನ ಹಾಗೆ. ಮನೆ ಬಿಯರಿಗೆ ಅಮೆರಿಕದ ಕೇಂದ್ರ ಕಾನೂನು ಅನುಮತಿ ಕೊಟ್ಟದ್ದು 1978ರಲ್ಲಿ, ಜಿಮ್ಮಿ ಕಾರ್ಟರ್ ಸಹಿಯಿಂದ. ದೊಡ್ಡವರೊಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200. ಮಾರುವಂತಿಲ್ಲ. ಇದನ್ನು ಓದಿ ಬೆಂಗಳೂರಿನಲ್ಲಿ ಬಕೆಟ್ ಕೊಳ್ಳಲು ಹೊರಡಬೇಡಿ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ.

ರುಚಿ ನೋಡುವ ಕ್ರಮ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಅರ್ಧ ಭ್ರಮೆ ಕಳೆದದ್ದು ಅದರಿಂದಲೇ. ಸ್ನೇಹಿತರು ಬಂದಾಗ ಒಬ್ಬೊಬ್ಬರಿಗೆ ಮೂರು ಲೋಟ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಅಂತ ಗುರುತಿಸಬೇಕು, ಅಷ್ಟೇ. ಯಾವುದು ಚೆನ್ನಾಗಿದೆ ಅನ್ನುವ ಮಾತು ಆಮೇಲೆ. ಸುಮ್ನೆ ಕಣ್ಣುಮುಚ್ಚಿ ಹೇಳಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಹಾಗಾಗಿ ಆರು ಜನರಲ್ಲಿ ಇಬ್ಬರು ಸರಿ ಹೇಳಿದರೆ ಅದಕ್ಕೆ ಬೆಲೆ ಇಲ್ಲ. ಐದು ಜನ ಹೇಳಿದರೆ ನಿಜವಾಗಿಯೂ ವ್ಯತ್ಯಾಸ ಇದೆ ಅಂತ ಒಪ್ಪುತ್ತೇನೆ. ಲೋಟ ಸುರಿಯುವುದು ಅಡುಗೆಮನೆಯಲ್ಲಿ ನನ್ನ ಹೆಂಡತಿ. ಯಾವುದರಲ್ಲಿ ಏನಿದೆ ಅನ್ನುವುದು ಅವಳ ಚೀಟಿಯಲ್ಲಿ ಮಾತ್ರ ಇರುತ್ತದೆ. ಗಾಜಿನ ಲೋಟ ಬೇಡವೇ ಬೇಡ. ಬಣ್ಣ ಕಂಡ ಕೂಡಲೇ ನಾಲಿಗೆ ಸುಳ್ಳು ಹೇಳಲು ಶುರು ಮಾಡುತ್ತದೆ. ಊರಿಂದ ತಂದಿದ್ದ ಕಾಫಿ ಕುಡಿಯುವ ಸ್ಟೀಲ್ ಲೋಟಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಎಕ್ಸ್‌ಟ್ರಾಕ್ಟ್ ಪುಡಿಯೋ, ಕಾಳಿನಿಂದಲೋ?

ಕಾಳಿನಿಂದ ಮಾಡುವವರು ಎಕ್ಸ್‌ಟ್ರಾಕ್ಟ್ ಬಳಸುವವರನ್ನು ನೋಡುವ ನೋಟ ಇದೆಯಲ್ಲ, ಅದು ನಮ್ಮಲ್ಲಿ ಫಿಲ್ಟರ್ ಕಾಫಿಯವರು ಇನ್‌ಸ್ಟಂಟ್ ಕಾಫಿಯವರನ್ನು ನೋಡುವ ನೋಟವೇ. ನನಗೂ ಆ ಜಂಬ ಇತ್ತು.

ಬಾರ್ಲಿ ಮಾಲ್ಟ್ ಅಂದರೆ ಹೊಸದೇನಲ್ಲ. ಅಮ್ಮ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಮಗುವಿಗೆ ಪುಡಿ ಮಾಡುತ್ತಾರಲ್ಲ, ಅದೇ ಕೆಲಸ. ಮೊಳಕೆ ಬಂದ ಕಾಳಿನೊಳಗೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಹುಟ್ಟಿರುತ್ತದೆ. ಒಡೆದ ಮಾಲ್ಟನ್ನು 66 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಗಂಜಿ ತೆಳ್ಳಗಾಗಿ ಸಿಹಿಯಾಗುತ್ತದೆ. ಸೋಸಿದ ಆ ಸಿಹಿ ನೀರೇ ವರ್ಟ್. ಅದನ್ನೇ ಯಾರೋ ಕಾರ್ಖಾನೆಯಲ್ಲಿ ಮಾಡಿ, ನೀರು ತೆಗೆದು ಮಾರಿದರೆ ಎಕ್ಸ್‌ಟ್ರಾಕ್ಟ್.

19 ಲೀಟರಿಗೆ 2.7 ಕೆಜಿ ಒಣ ಎಕ್ಸ್‌ಟ್ರಾಕ್ಟ್ ಹಾಕಿದೆ. ವರ್ಟಿನಲ್ಲಿ ಸಕ್ಕರೆ ಎಷ್ಟಿದೆ ಅಂತ ಅಳೆಯುವ ಹೈಡ್ರೋಮೀಟರ್ 1.053 ತೋರಿಸಿತು, ಬರೀ ನೀರಾದರೆ 1.000. (ಡೈರಿಯಲ್ಲಿ ಹಾಲಿಗೆ ಅದ್ದಿ ನೋಡುವ ಲ್ಯಾಕ್ಟೋಮೀಟರಿನ ಅಣ್ಣ ಇದು.) ಕಾಳಿನ ಸರದಿಯಲ್ಲಿ 4.5 ಕೆಜಿ ಮಾಲ್ಟ್ ತಂದೆ, ದೊಡ್ಡ ಬಟ್ಟೆ ಚೀಲದಲ್ಲಿ ಹಾಕಿ ಪಾತ್ರೆಯಲ್ಲಿ ಮುಳುಗಿಸಿದೆ. ಮೊದಲ ಸಲ ಬಂದದ್ದು ಬರೀ 1.044. ಕಾಳು ಸರಿಯಾಗಿ ಒಡೆದಿರಲಿಲ್ಲ. ಅರ್ಧಕ್ಕರ್ಧ ಇಡೀ ಕಾಳು ಹಾಗೇ ಚೀಲದಲ್ಲಿ ಉಳಿದಿತ್ತು. ಎರಡನೇ ಸಲ ಮಿಲ್ಲನ್ನು ಬಿಗಿ ಮಾಡಿ ಸಣ್ಣಗೆ ಒಡೆದೆ, 1.053 ಬಂತು. ಹೋಲಿಕೆ ಮಾಡಿದ್ದು ಈ ಎರಡನೆಯದನ್ನು.

ಎಕ್ಸ್‌ಟ್ರಾಕ್ಟ್ ದಿನ ಮೂರು ಗಂಟೆಯಲ್ಲಿ ಮುಗಿಯಿತು. ಕಾಳಿನ ದಿನ ಆರೂವರೆ ಗಂಟೆ, ಜೊತೆಗೆ ಅಂಟು ಅಂಟಾದ ಅಡುಗೆಮನೆ ನೆಲ ಮತ್ತು ಅದರ ಬಗ್ಗೆ ಹೆಂಡತಿಯ ಮೌನ. ದುಡ್ಡು ನೋಡಿದರೆ ಕಾಳೇ ಅಗ್ಗ, ಹೆಚ್ಚು ಕಡಿಮೆ ಅರ್ಧ.

ಇನ್ನು ರುಚಿ. ಆರು ಜನರಲ್ಲಿ ಮೂವರು ಸರಿಯಾಗಿ ಹೇಳಿದರು. ಅಂದರೆ ಹೇಳಿದರೂ ಹೇಳದ ಹಾಗೇ. ನಾನು? ತಪ್ಪು ಹೇಳಿದೆ. ಆರೂವರೆ ಗಂಟೆ ನಿಂತು ಮಾಡಿದ್ದನ್ನು ಗುರುತಿಸಲಾಗದೆ, ಎಕ್ಸ್‌ಟ್ರಾಕ್ಟಿನ ಲೋಟ ಹಿಡಿದು 'ಕಾಳಿನ ಸೊಗಸೇ ಬೇರೆ' ಅಂತ ಎಲ್ಲರೆದುರು ಹೇಳಿದ್ದೆ.

ಲೋಟ ಇಳಿಸಿ ಗಾಜಿನಲ್ಲಿ ನೋಡಿದಾಗ ಎಕ್ಸ್‌ಟ್ರಾಕ್ಟಿನದ್ದು ಒಂದು ಛಾಯೆ ಗಾಢ. ಹುದುಗಿ ಮುಗಿದ ಮೇಲಿನ ಅಳತೆ ಕಾಳಿನದ್ದು 1.011, ಎಕ್ಸ್‌ಟ್ರಾಕ್ಟಿನದ್ದು 1.015. ಎರಡನೆಯದು ಬಾಯಲ್ಲಿ ಸ್ವಲ್ಪ ದಪ್ಪ. ಗೊತ್ತಿದ್ದು ಹುಡುಕಿದರೆ ಸಿಗುತ್ತದೆ. ಹಳೇ ಡಬ್ಬದ ಪಾಕದಂಥ ಎಕ್ಸ್‌ಟ್ರಾಕ್ಟ್ ಆಗಿದ್ದರೆ ಈ ಫಲಿತಾಂಶ ಬರುತ್ತಿರಲಿಲ್ಲ. ಹಿಂದೊಮ್ಮೆ ಬಳಸಿದ್ದೆ, ಹಳೇ ಬೆಲ್ಲದ ಹಾಗೆ ಒಂದು ಅಡ್ಡ ರುಚಿ ಕೊನೆವರೆಗೂ ಹೋಗಲಿಲ್ಲ. ಹಾಗಾಗಿ ಎಕ್ಸ್‌ಟ್ರಾಕ್ಟ್ ಆದರೆ ಒಣಪುಡಿ, ಅದೂ ಹೊಸದು. ಆದರೂ ನಾನು ಕಾಳಿಗೇ ಅಂಟಿಕೊಂಡಿದ್ದೇನೆ. 65 ಡಿಗ್ರಿಯಲ್ಲಿ ನೆನೆಸಿದರೆ ತೆಳು ಬಿಯರ್, 69ರಲ್ಲಿ ನೆನೆಸಿದರೆ ಮೈ ತುಂಬಿದ ಬಿಯರ್. ಆ ಹಿಡಿತ ಪುಡಿಯಲ್ಲಿ ಇಲ್ಲ. ಉಳಿದ ಹಿಪ್ಪೆಯನ್ನು ಒಣಗಿಸಿ ರೊಟ್ಟಿ ಹಿಟ್ಟಿಗೆ ಬೆರೆಸಿ ನೋಡಿದ್ದೂ ಆಯಿತು. ಬೇಡ. ಸಿಪ್ಪೆ ಗಂಟಲಿಗೆ ಚುಚ್ಚುತ್ತದೆ.

ಮೂರು ಯೀಸ್ಟ್

ನನಗೆ ಅತಿ ಹೆಚ್ಚು ಕಲಿಸಿದ ಸುತ್ತು ಇದು. ಒಂದೇ ವರ್ಟನ್ನು ಆರಾರು ಲೀಟರಿನಂತೆ ಮೂರು ಬಕೆಟ್ಟಿಗೆ ಹಂಚಿದೆ. ಒಂದಕ್ಕೆ ಅಮೆರಿಕನ್ ಏಲ್ ಯೀಸ್ಟ್ ಯುಎಸ್-05. ಇನ್ನೊಂದಕ್ಕೆ ಇಂಗ್ಲಿಷ್ ಏಲ್ ಯೀಸ್ಟ್ ಎಸ್-04. ಮೂರನೆಯದಕ್ಕೆ ನಾರ್ವೆಯ ಕ್ವೈಕ್, ವೊಸ್ ಎನ್ನುವ ಬಗೆ. ಎಲ್ಲವೂ ಒಣ ಪ್ಯಾಕೆಟ್.

ಕ್ವೈಕ್ ಕಥೆ ನನಗೆ ಬಹಳ ಇಷ್ಟ. ಪಶ್ಚಿಮ ನಾರ್ವೆಯ ರೈತರ ಮನೆಗಳಲ್ಲಿ ಹಿಂದಿನ ಸಲದ ಯೀಸ್ಟನ್ನು ಎತ್ತಿಟ್ಟು, ಒಣಗಿಸಿ, ಮುಂದಿನ ಸಲಕ್ಕೆ ಬಳಸುತ್ತಾ ಬಂದರು. ಪಕ್ಕದ ಮನೆಯವರದ್ದು ಕೆಟ್ಟರೆ ಇವರ ಮನೆಯಿಂದ ಒಯ್ಯುತ್ತಿದ್ದರು. ನಮ್ಮಲ್ಲಿ ಮೊಸರಿಗೆ ಹೆಪ್ಪು ಕೇಳಿಕೊಂಡು ಬರುವುದಿಲ್ಲವೇ, ಹಾಗೇ. ಈ ಯೀಸ್ಟಿಗೆ ಬೇಕಾದ್ದು ನಮ್ಮ ರಾಯಚೂರಿನ ಬಿಸಿಲು. ಬೇರೆ ಏಲ್ ಯೀಸ್ಟುಗಳನ್ನು 18ರಿಂದ 20 ಡಿಗ್ರಿಯಲ್ಲಿ ಜೋಪಾನ ಮಾಡಬೇಕು. ಇದು 35 ದಾಟಿದರೂ ಖುಷಿಯಾಗಿರುತ್ತದೆ. ಬಕೆಟ್ಟಿಗೆ ಹೀಟಿಂಗ್ ಬೆಲ್ಟ್ ಸುತ್ತಿ 36ರಲ್ಲಿಟ್ಟೆ. ಮೂರೇ ದಿನಕ್ಕೆ ಹುದುಗಿ ಮುಗಿಯಿತು. ಉಳಿದೆರಡು ಆಗಿನ್ನೂ ಗುಳುಗುಳು ಅನ್ನುತ್ತಿದ್ದವು.

ವೊಸ್ ಲೋಟವನ್ನು ಆರಕ್ಕೆ ಆರೂ ಜನ ಗುರುತಿಸಿದರು. ಕೊಡಗಿನ ಕಿತ್ತಳೆ ಸಿಪ್ಪೆಯ ಘಮ, ಮುಚ್ಚಿಡಲು ಸಾಧ್ಯವೇ ಇಲ್ಲ. ಮೊದಲ ಲೋಟಕ್ಕೆ ಎಲ್ಲರೂ ವಾಹ್ ಅಂದರು. ಎರಡನೇ ಲೋಟಕ್ಕೆ ಕೈ ಚಾಚಿದವರು ಇಬ್ಬರೇ. ಕ್ಯಾಸ್ಕೇಡಿನ ಚಕ್ಕೋತ, ಯೀಸ್ಟಿನ ಕಿತ್ತಳೆ ಎರಡೂ ಸೇರಿ ಜಾಸ್ತಿ ಆಯಿತು ಅನ್ನುವುದು ನನ್ನ ಅಭಿಪ್ರಾಯ. ಎಸಿ ಇಲ್ಲದ ಮನೆಯಲ್ಲಿ ಬೇಸಗೆಯಲ್ಲಿ ಮಾಡುವವರು ಮಾತ್ರ ಕಣ್ಣುಮುಚ್ಚಿ ಇದನ್ನು ತೆಗೆದುಕೊಳ್ಳಬಹುದು.

ಯುಎಸ್-05 ಮತ್ತು ಎಸ್-04 ನಡುವೆ ಐದು ಜನ ವ್ಯತ್ಯಾಸ ಹಿಡಿದರು. ಮೊದಲನೆಯದು ಹಿಂದೆ ನಿಂತು ಹಾಪ್ಸನ್ನು ಮುಂದೆ ಬಿಡುತ್ತದೆ. ತನ್ನದೇ ಮಾತು ಕಡಿಮೆ. 1.011ಕ್ಕೆ ಇಳಿಯಿತು, ಸುಮಾರು ಐದೂವರೆ ಶೇಕಡ ಆಲ್ಕೋಹಾಲ್. ತಿಳಿಯಾಗಲು ಮಾತ್ರ ಸತಾಯಿಸುತ್ತದೆ, ಬಾಟಲಿ ಅಲ್ಲಾಡಿಸಿದರೆ ತಳದ ಯೀಸ್ಟ್ ಎದ್ದುಬಿಡುತ್ತದೆ. ಎಸ್-04 ಹತ್ತೇ ದಿನಕ್ಕೆ ತಳದಲ್ಲಿ ಸಿಮೆಂಟಿನಂತೆ ಕೂತುಬಿಟ್ಟಿತು, ಮೇಲೆ ಕನ್ನಡಿಯಂಥ ಬಿಯರ್. ರುಚಿಯಲ್ಲಿ ಬ್ರೆಡ್ಡಿನ ನೆನಪು, ಚೂರು ಹಣ್ಣು, 1.014ರಲ್ಲಿ ನಿಂತದ್ದರಿಂದ ಸ್ವಲ್ಪ ಸಿಹಿ.

ಆದರೆ ಅದರಲ್ಲಿ ಇನ್ನೇನೋ ಇತ್ತು. ಏನೋ ಜಾರುವಂಥದ್ದು. ನನಗೆ ಹೆಸರು ಹೇಳಲು ಬರಲಿಲ್ಲ.

ಆ ಸಮಯಕ್ಕೆ ಅಮ್ಮ ಊರಿನಿಂದ ಬಂದು ಆರು ತಿಂಗಳು ನಮ್ಮ ಜೊತೆ ಇದ್ದರು. ಅಮ್ಮ ಬಿಯರ್ ಕುಡಿಯುವವರಲ್ಲ. ಮಗ ಓದಿ ಅಮೆರಿಕಕ್ಕೆ ಬಂದು ಬಕೆಟ್ಟಿನಲ್ಲಿ ಇದನ್ನು ಮಾಡುತ್ತಾನೆ ಅನ್ನುವುದೇ ಅವರಿಗೆ ನುಂಗಲಾರದ ತುತ್ತು. ಆದರೆ ಅವರ ಮೂಗು ಅಂದರೆ ಮೂಗು. ಪಕ್ಕದ ಮನೆಯಲ್ಲಿ ತುಪ್ಪ ಕಾಸಿದರೆ ಹದ ತಪ್ಪಿದೆಯೋ ಇಲ್ಲವೋ ಇಲ್ಲಿಂದಲೇ ಹೇಳುವವರು. 'ಕುಡಿಯೋದು ಬೇಡಮ್ಮ, ಮೂಸಿ ನೋಡಿ ಸಾಕು' ಅಂತ ಎರಡು ಲೋಟ ಮುಂದಿಟ್ಟೆ.

ಎರಡನೆಯದನ್ನು ಮೂಸಿ ಒಂದು ಸೆಕೆಂಡ್ ಯೋಚಿಸಲಿಲ್ಲ. 'ಇದರಲ್ಲಿ ಬೆಣ್ಣೆ ಹಾಕಿದ್ಯೇನೋ?'

ಬೆಣ್ಣೆ! ಡೈಅಸಿಟೈಲ್. ಬೆಣ್ಣೆಯಲ್ಲಿ ಇರುವ ವಾಸನೆಯ ವಸ್ತುವೇ ಅದು. ಹುದುಗುವಾಗ ಅದರ ಮೂಲವನ್ನು ಹುಟ್ಟಿಸುವುದೂ ಯೀಸ್ಟೇ, ಕೊನೆಯಲ್ಲಿ ಅದನ್ನು ಹೀರಿ ಶುದ್ಧ ಮಾಡುವುದೂ ಯೀಸ್ಟೇ. ಬಿಯರ್ ತಿಳಿಯಾಯಿತು ಅಂತ ನಾನು ಆತುರಪಟ್ಟು ತಣ್ಣಗೆ ಮಾಡಿ ಬಾಟಲಿಗೆ ತುಂಬಿದ್ದೆ. ಗುಡಿಸುವವರನ್ನು ಗುಡಿಸುವ ಮೊದಲೇ ಮನೆಗೆ ಕಳಿಸಿದ ಹಾಗಾಯಿತು. ಯೀಸ್ಟಿನ ತಪ್ಪಲ್ಲ, ನನ್ನದು. ಮುಂದಿನ ಸಲ ಕೊನೆಯ ಮೂರು ದಿನ 21 ಡಿಗ್ರಿಯಲ್ಲಿ ಸುಮ್ಮನೆ ಬಿಟ್ಟೆ. ಬೆಣ್ಣೆ ಮಾಯ.

ಈಗ ಬಾಟಲಿಗೆ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡುತ್ತೇನೆ. ಎರಡು ಚಿಕ್ಕ ಬಾಟಲಿಯಲ್ಲಿ ಬಿಯರ್ ತೆಗೆದು, ಒಂದನ್ನು ಮುಚ್ಚಿ ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಆರಿಸಿ, ಇನ್ನೊಂದರ ಪಕ್ಕದಲ್ಲಿಟ್ಟು ಮೂಸುವುದು. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಬಂದರೆ ಇನ್ನೂ ಎರಡು ದಿನ ಕಾಯಬೇಕು.

ಈ ಪೇಲ್ ಏಲಿಗೆ ನನ್ನ ಆಯ್ಕೆ ಯುಎಸ್-05. ಕಂದು ಬಣ್ಣದ ಇಂಗ್ಲಿಷ್ ಬಿಟರ್ ಮಾಡುವ ದಿನ ಎಸ್-04, ಮೂರು ದಿನದ ತಾಳ್ಮೆಯ ಜೊತೆಗೆ.

ನೆಲಮಾಳಿಗೆಯೋ, ಬಟ್ಟೆ ಬೀರುವೋ?

ಅದೇ ಎಸ್-04, ಅದೇ ವರ್ಟ್. ಒಂದು ಬಕೆಟ್ ನೆಲಮಾಳಿಗೆಯಲ್ಲಿ ನೀರಿನ ಟಬ್ಬಿನೊಳಗೆ. ಇನ್ನೊಂದು ಮೇಲೆ ಹೀಟರ್ ಪಕ್ಕದ ಬಟ್ಟೆ ಬೀರುವಿನಲ್ಲಿ. ಹುದುಗುವಾಗ ಯೀಸ್ಟ್ ತಾನೂ ಬಿಸಿ ಹುಟ್ಟಿಸುತ್ತದೆ, ಕೋಣೆಗಿಂತ ಬಕೆಟ್ ಮೂರು ನಾಲ್ಕು ಡಿಗ್ರಿ ಮೇಲಿರುತ್ತದೆ. ಇದನ್ನು ನಾನು ಮೊದಲ ವರ್ಷ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕೆಳಗಿನ ಬಕೆಟ್ಟಿಗೆ ಅಂಟಿಸಿದ್ದ ಥರ್ಮಾಮೀಟರ್ ಪಟ್ಟಿ 18 ತೋರಿಸಿತು, ಬೀರುವಿನದ್ದು 27.

ಆರಕ್ಕೆ ಆರು. ಕುಡಿಯಬೇಕಾಗಿಯೂ ಇರಲಿಲ್ಲ, ಮೂಗಿನ ಹತ್ತಿರ ತಂದರೆ ಸಾಕಿತ್ತು. ಬೀರುವಿನ ಬಿಯರಿನಲ್ಲಿ ನೇಲ್ ಪಾಲಿಶ್ ಒರೆಸುವ ದ್ರವದ ವಾಸನೆ, ಗಂಟಲಲ್ಲಿ ಉರಿ. ಯಾರೂ ಎರಡನೇ ಗುಟುಕು ಕುಡಿಯಲಿಲ್ಲ.

ಎಕ್ಸ್‌ಟ್ರಾಕ್ಟ್ ಬಿಟ್ಟು ಕಾಳಿಗೆ ಹೋಗಲು ನಾನು ದೊಡ್ಡ ಪಾತ್ರೆ, ಚೀಲ, ಮಿಲ್ಲು ಅಂತ ಸಾಕಷ್ಟು ದುಡ್ಡು ಸುರಿದಿದ್ದೆ. ಆ ವ್ಯತ್ಯಾಸವನ್ನು ನಾಲಿಗೆ ಹಿಡಿಯಲಿಲ್ಲ. ಟಬ್ಬಿಗೆ ಖರ್ಚಾದದ್ದು ಸೊನ್ನೆ. ಮಕ್ಕಳು ಚಿಕ್ಕವರಿದ್ದಾಗ ಸ್ನಾನ ಮಾಡಿಸುತ್ತಿದ್ದ ಟಬ್ಬದು. ಬೇಸಗೆಯಲ್ಲಿ ಬಕೆಟ್ಟಿಗೆ ಹಳೇ ಟೀ ಶರ್ಟ್ ತೊಡಿಸಿ, ಅದರ ತುದಿ ನೀರಿನಲ್ಲಿ ಅದ್ದಿರುವಂತೆ ಬಿಟ್ಟು, ಬೆಳಿಗ್ಗೆ ಸಂಜೆ ಒಂದೊಂದು ಐಸ್ ಬಾಟಲಿ ತೇಲಿಬಿಟ್ಟರೆ 19ರಲ್ಲಿ ನಿಲ್ಲುತ್ತದೆ.

ಅಮ್ಮನಿಗೆ ಇದು ಸುದ್ದಿಯೇ ಅಲ್ಲ. 'ದೋಸೆ ಹಿಟ್ಟು ಬೇಸಗೇಲಿ ಒಲೆ ಪಕ್ಕ ಇಟ್ಟರೆ ಏನಾಗುತ್ತೆ ಅಂತ ನಿಂಗೆ ಗೊತ್ತಿಲ್ವಾ?' ಗೊತ್ತಿತ್ತು. ದೋಸೆಯಿಂದ ಬಿಯರಿಗೆ ತಂದುಕೊಳ್ಳಲು ಒಂದು ವರ್ಷ ಬೇಕಾಯಿತು, ಅಷ್ಟೇ.

ನಲ್ಲಿ ನೀರು ಹಾಗೇನೋ, ಕಾಲು ಮಾತ್ರೆ ಹಾಕಿಯೋ?

ಇದು ಚಿಕ್ಕದು. ಪೋರ್ಟ್‌ಲ್ಯಾಂಡಿಗೆ ಬರುವ ಬುಲ್ ರನ್ ನೀರು ಬಹಳ ಮೆದು, ಬಿಯರಿಗೆ ವರ ಅನ್ನುತ್ತಾರೆ. ಆದರೆ ಅಮೆರಿಕದ ಬಹಳ ಊರುಗಳ ಹಾಗೆ ಇಲ್ಲಿಯೂ ನೀರಿನಲ್ಲಿ ಕ್ಲೋರಿನ್ ಜೊತೆ ಅಮೋನಿಯಾ ಸೇರಿದ ಕ್ಲೋರಮೈನ್ ಇರುತ್ತದೆ. ಕುಡಿಯಲು ಏನೂ ತೊಂದರೆ ಇಲ್ಲ. ಬರೀ ಕ್ಲೋರಿನ್ ಆದರೆ ರಾತ್ರಿ ತೆರೆದಿಟ್ಟರೆ ಹೋಗುತ್ತದೆ, ಕ್ಲೋರಮೈನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಮಾಲ್ಟಿನ ಫೀನಾಲುಗಳ ಜೊತೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಮೊದಲ ವರ್ಷ ಸಿಂಕಿಗೆ ಹೋದ ಬಿಯರಿನ ಕಥೆ ಇದೇ ಇರಬೇಕು, ನೀರನ್ನು ತಯಾರು ಮಾಡಿಕೊಳ್ಳದೆ ಬಳಸಿದ್ದು ನಾನೇ. ಕ್ಲೋರಮೈನ್ ಕಳೆಯುವ ಕ್ಯಾಂಪ್‌ಡೆನ್ ಮಾತ್ರೆ ಒಂದನ್ನು ಪುಡಿ ಮಾಡಿದರೆ 20 ಗ್ಯಾಲನ್ ನೀರಿಗೆ ಸಾಕು, ಐದು ಗ್ಯಾಲನ್ನಿಗೆ ಕಾಲು ಮಾತ್ರೆ. ಕೆಲವೇ ನಿಮಿಷದ ಕೆಲಸ.

ಸ್ನೇಹಿತರಲ್ಲಿ ನಾಲ್ವರು ಸರಿ ಹೇಳಿದರು, ನನ್ನದೇ ನಿಯಮದ ಪ್ರಕಾರ ಇದು ಸಾಲದು. ಆದರೆ ಅಮ್ಮ ಮಾತ್ರೆ ಹಾಕದ ಲೋಟವನ್ನು ದೂರ ತಳ್ಳಿ 'ಡೆಟಾಲ್' ಅಂದರು. ಡೆಟಾಲಿನಲ್ಲಿರುವುದೂ ಅದೇ ಜಾತಿಯ ಒಂದು ವಸ್ತು. ನಿಯಮವನ್ನು ಪಕ್ಕಕ್ಕಿಟ್ಟು ಅಮ್ಮನ ಮಾತಿಗೆ ಮತ ಹಾಕಿದೆ.

ಬಾಟಲಿಯೋ, ಕೆಗ್ಗೋ?

ಒಂದೇ ಬಿಯರಿನ ಅರ್ಧ ಬಾಟಲಿಗೆ, ಅರ್ಧ ಕೆಗ್ಗಿಗೆ. ಬಾಟಲಿಯ ಪಾಲಿಗೆ ಲೀಟರಿಗೆ ಆರು ಗ್ರಾಂ ಲೆಕ್ಕದಲ್ಲಿ ಮೆಕ್ಕೆಜೋಳದ ಸಕ್ಕರೆ ಬೆರೆಸಿ, ಎರಡು ವಾರ ಬೆಚ್ಚಗಿಟ್ಟೆ. ಒಳಗಿನ ಯೀಸ್ಟೇ ಗ್ಯಾಸ್ ಹುಟ್ಟಿಸುತ್ತದೆ. ಸಕ್ಕರೆಯನ್ನು ತೂಕ ಮಾಡಿಯೇ ಹಾಕಿ, ಕಣ್ಣಳತೆ ಬೇಡ. ಬಾಟಲಿ ಒಡೆದು ಗಾಜು ಹಾರುವುದು ತಮಾಷೆಯಲ್ಲ. ಕೆಗ್ ಅಂದರೆ ಹಿಂದೆ ಸೋಡಾ ಸಿರಪ್ ತುಂಬುತ್ತಿದ್ದ ಐದು ಗ್ಯಾಲನ್ ಸ್ಟೀಲ್ ಡಬ್ಬ. ಫ್ರಿಜ್ಜಿನಲ್ಲಿಟ್ಟು 12 ಪಿಎಸ್ಐ ಒತ್ತಡದಲ್ಲಿ ಗ್ಯಾಸ್ ಕೊಟ್ಟರೆ ಒಂದು ವಾರದಲ್ಲಿ ತಯಾರು.

ಮೂರನೇ ವಾರದಲ್ಲಿ ಇಬ್ಬರಷ್ಟೇ ವ್ಯತ್ಯಾಸ ಹೇಳಿದರು. ಹತ್ತನೇ ವಾರದಲ್ಲಿ ಐವರು. ಬಾಟಲಿಯದರಲ್ಲಿ ಚಕ್ಕೋತ ಮಾಸಿ, ಒದ್ದೆ ರಟ್ಟಿನ ಮಂಕು ಬಂದಿತ್ತು. ನಾನು ತುಂಬುವಾಗ ಗಾಳಿ ಸೇರಿಸಿದ್ದೇ ಕಾರಣ. ಕೆಗ್ಗಿನಲ್ಲಿ ಮೊದಲೇ ಕಾರ್ಬನ್ ಡೈಆಕ್ಸೈಡ್ ತುಂಬಿ ಗಾಳಿ ಓಡಿಸಿದ್ದೆ. ಆದರೂ ಕೆಗ್, ಸಿಲಿಂಡರ್, ಇನ್ನೊಂದು ಫ್ರಿಜ್ ಅಂತ ಹೊರಟರೆ ಕೆಲವು ನೂರು ಡಾಲರ್ ಕೈಬಿಡುತ್ತದೆ. ತಿಂಗಳೊಳಗೆ ಕುಡಿದು ಮುಗಿಸುವ ಮನೆಯಾದರೆ ಬಾಟಲಿಯೇ ಸಾಕು. ಯಾರದ್ದಾದರೂ ಮನೆಗೆ ಊಟಕ್ಕೆ ಹೋಗುವಾಗ ಕೆಗ್ ಹೊತ್ತುಕೊಂಡು ಹೋಗೋಕಾಗುತ್ತದೆಯೇ?

ಅಮ್ಮ ಊರಿಗೆ ಹೋಗಿ ಎರಡು ತಿಂಗಳಾಯಿತು. ನೆಲಮಾಳಿಗೆಯಲ್ಲಿ ಈಗ ಮತ್ತೆ ಎರಡು ಬಕೆಟ್ ಕೂತಿವೆ. ಒಂದರ ನೀರಿಗೆ ಜಿಪ್ಸಮ್ ಹಾಕಿದೆ, ಇನ್ನೊಂದಕ್ಕೆ ಇಲ್ಲ. ಜಿಪ್ಸಮ್ ಇದ್ದರೆ ಹಾಪ್ಸಿನ ಕಹಿ ಚುರುಕಾಗುತ್ತದೆ ಅನ್ನುತ್ತಾರೆ. ನಿನ್ನೆ ಎರಡರಿಂದಲೂ ಒಂದೊಂದು ಲೋಟ ತೆಗೆದೆ. ಎಡಗಡೆಯದು ಚುರುಕು ಅನ್ನಿಸಿತು. ಹೆಂಡತಿ ಬಂದು ಬಕೆಟ್ಟಿನ ಚೀಟಿಗಳನ್ನು ಕಿತ್ತು, ತಾನೇ ಏನೋ ಗುರುತು ಹಾಕಿ, ಜಾಗ ಬದಲಿಸಿ ಹೋಗಿದ್ದಾಳೆ. ಶನಿವಾರ ಸ್ನೇಹಿತರು ಬರುವವರೆಗೆ ಬಾಯಿ ಬಿಡುವುದಿಲ್ಲವಂತೆ.